ಬದುಕಿದ್ದವಳ ಮಾಸಿಕ

ವಸುಮತಿ ಸತ್ತದ್ದು ಮದುವೆಯ ಮರುದಿನ. ನಾನೇ ಕಣ್ಣಾರೆ ಕಂಡೆ. ಅವಳ ಅಣ್ಣ ಬದರಿ ಕಾಶಿಯ ಹನುಮಾನ್ ಘಾಟಿನ ಮೆಟ್ಟಿಲಿಳಿದು, ಸೊಂಟದ ತನಕ ನೀರಿನಲ್ಲಿ ನಿಂತು, ತಂಗಿಯ ಹೆಸರು ಹೇಳಿ ಎಳ್ಳುನೀರು ಬಿಟ್ಟ. ಆ ಹೊತ್ತಿಗೆ ಸತ್ತವಳು ಬಂಗಾಲಿ ಟೋಲಾದ ಗಲ್ಲಿಯಲ್ಲಿ ಗಂಡನ ಜೊತೆ ಕಚೋರಿ ತಿನ್ನುತ್ತಿದ್ದಳಂತೆ.

ನನ್ನ ಗಂಡ ಪ್ರಭಾಕರ ಬ್ಯಾಂಕಿನವರು. ದಾವಣಗೆರೆಯಿಂದ ವರ್ಗವಾಗಿ ಬಂದಾಗಿನಿಂದ ಬದರಿಯ ಮನೆಯ ಮಹಡಿಯಲ್ಲೇ ನಮ್ಮ ಬಾಡಿಗೆ ಸಂಸಾರ. ಕರ್ನಾಟಕದಿಂದ ಕಾಶಿಗೆ ಬರುವವರಿಗೆ ಶ್ರಾದ್ಧ ಮಾಡಿಸುವುದು ಬದರಿಯ ಮನೆತನದ ಕೆಲಸ. ಹಾಗೆ ಬಂದುಹೋದವರಿಗೆ ಪ್ರತಿ ವರ್ಷ "ನಿಮ್ಮ ತಂದೆಯ ತಿಥಿ ಇಂಥ ದಿನ" ಎಂದು ನೆನಪಿಸುವುದೂ ಇವರ ಪಾಲಿಗೆ ಬಂದದ್ದು. ತಿಥಿ ನಡೆಯುವುದು ಪಂಚಾಂಗದ ಲೆಕ್ಕದಲ್ಲಿ, ತಾರೀಕು ವರ್ಷವರ್ಷವೂ ಬದಲಾಗುತ್ತದೆ. ಮುಂದಿನ ಕೋಣೆಯ ಡೆಸ್ಕ್‌ಟಾಪ್ ಎದುರು ಪಂಚಾಂಗ ಬಿಡಿಸಿಕೊಂಡು ಕೂತು, ಒಂದೊಂದೇ ಮೆಸೇಜ್ ಟೈಪ್ ಮಾಡಿ ಕಳಿಸುತ್ತಿದ್ದವಳು ವಸುಮತಿ. ಹೆಸರು ಬದರಿಗೆ, ಬೆನ್ನುನೋವು ಇವಳಿಗೆ. ಆ ಕಂಪ್ಯೂಟರ್ ಕೆಟ್ಟಾಗ ರಿಪೇರಿಗೆ ಬಂದವನೇ ತಪನ್, ಬಂಗಾಲಿ ಹುಡುಗ. ಆಮೇಲೆ ಅದು ಪದೇಪದೇ ಕೆಡತೊಡಗಿತು, ಕೊನೆಗೆ ಇಬ್ಬರೂ ರಿಜಿಸ್ಟರ್ ಮದುವೆಯಾದರು.

ಮದುವೆಯಾದ ಹೆಣ್ಣಿನ ತಿಥಿಯ ಚಿಂತೆ ಗಂಡನ ಮನೆಯದು. ಮದುವೆಯನ್ನೇ ಒಪ್ಪದ ಬದರಿ ಅದನ್ನೂ ಮೈಮೇಲೆ ಎಳೆದುಕೊಂಡ. ಅಷ್ಟಕ್ಕೇ ಬಿಟ್ಟನೇ? ಸೊಂಟ ಮುರಿದು ಒಳಕೋಣೆಯಲ್ಲಿ ಮಲಗಿದ್ದ ತಾಯಿ ಶ್ರೀರಮಮ್ಮನಿಗೆ ಬೇರೆಯೇ ಕಥೆ ಕಟ್ಟಿದ. "ವಸು ಕಲ್ಕತ್ತೆಗೆ ಹೋದಳಮ್ಮ. ನಿನ್ನ ಮುಖ ನೋಡಲ್ಲ ಅಂದಳು." ದಿನಾ ಮಂತ್ರ ಹೇಳುವ ಬಾಯಿ ಅದು. ನನಗೆ ಮೈಯೆಲ್ಲ ಉರಿದುಹೋಯಿತು. ನಿಜ ಹೇಳಿಬಿಡುತ್ತೇನೆ ಎಂದು ಹೊರಟರೆ ತಡೆದವಳು ವಸುಮತಿಯೇ.

"ನೀವು ಹೇಳಬೇಡಿ ಉಷಕ್ಕ. ಅವನ ಬಾಯಿಂದಲೇ ಹೇಳಿಸ್ತೀನಿ. ಅಮ್ಮನ ಹತ್ತಿರಕ್ಕೆ ಅವನೇ ಬಂದು ನನ್ನ ಕರ್ಕೊಂಡು ಹೋಗಬೇಕು."

ಅವಳಿಗೆ ಬೇಕಾಗಿದ್ದದ್ದು ತಾಯಿಯ ಮಂಚದ ಪಕ್ಕ ಒಂದು ಜಾಗ. ಆದರೆ ಬೇಡಿ ಪಡೆಯುವ ಜಾತಿಯವಳಲ್ಲ ಅವಳು.

ಅವಳಿಲ್ಲದೆ ಬದರಿಯ ಬಂಡವಾಳ ಬಯಲಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಹಾಸನದ ಯಜಮಾನರೊಬ್ಬರು ಫೋನಿನಲ್ಲಿ, "ನಮ್ಮಪ್ಪನ ತಿಥಿ ತಪ್ಪಿಸಿಬಿಟ್ರಲ್ಲ ಸ್ವಾಮಿ, ಇನ್ಯಾಕೆ ನಿಮ್ಮ ಸಹವಾಸ," ಎಂದು ಚೆನ್ನಾಗಿ ಉಗಿದರು. ಬದರಿ ನನ್ನನ್ನು ಜೊತೆಗೆ ಕರೆದುಕೊಂಡು ತಪನನ ಅಂಗಡಿಗೆ ಹೋದ. ವಸುಮತಿ ಕೈಯಳತೆಯಲ್ಲೇ ನಿಂತಿದ್ದಳು. ಸತ್ತವರ ಜೊತೆ ಮಾತಾಡುವಂತಿಲ್ಲವಲ್ಲ, ಅದಕ್ಕೆ ನನ್ನ ಕಡೆ ತಿರುಗಿದ.

"ಉಷಾ ಅವರೇ, ಮೆಸೇಜು ತಾನಾಗೇ ಹೋಗೋ ಥರ ಏನಾದ್ರೂ ಮಾಡಿಕೊಡಬೇಕಂತ ಈ ಅಂಗಡಿಯವರಿಗೆ ಹೇಳಿ."

"ಸತ್ತವಳು ಮಾಡಿಕೊಡ್ತಾಳಂತೆ, ಹೇಳಿ," ಎಂದಳು ವಸುಮತಿ. "ಮನೆಗೆ ಬಂದು ಹಾಕಿಕೊಡಲಾ, ಕೇಳಿ."

"ಅದೆಲ್ಲ ಆಗಲ್ಲ. ನೀವೇ ತಂದು ಹಾಕಿ," ಎಂದು ನನಗೇ ಹೇಳಿ ಹೊರಟ.

ಅವಳಿಗಾದರೂ ಆ ವಿದ್ಯೆ ಎಲ್ಲಿ ಗೊತ್ತಿತ್ತು? ಅಂಗಡಿಯಲ್ಲಿ ಕೂತು, ಮೊಬೈಲಿನಲ್ಲಿ ಹಿಂದಿ ಪಾಠ ಕೇಳುತ್ತ ಸ್ಕ್ರಿಪ್ಟ್ ಬರೆಯುವುದನ್ನು ಕಲಿತಳು. ಮೊದಲು ಗಿರಾಕಿಗಳ ಪಾಸ್‌ಪೋರ್ಟ್ ಫೋಟೋಗಳಿಗೆ ಕಂಪ್ಯೂಟರೇ ಹೆಸರು ಕೊಟ್ಟು ಫೋಲ್ಡರಿಗೆ ಹಾಕುವಂತೆ ಮಾಡಿದಳು. ಒಂದು ದಿನ ಎಲ್ಲಿ ನಿಲ್ಲಬೇಕೆಂದು ಅದಕ್ಕೆ ಹೇಳುವುದನ್ನೇ ಮರೆತಳು, ತೆರೆಯ ತುಂಬ 'ನಮಸ್ತೆ' 'ನಮಸ್ತೆ' ಎಂದು ಕಿಟಕಿಗಳು ತೆರೆದುಕೊಳ್ಳುತ್ತಲೇ ಹೋದವು. ತಪನ್ ಓಡಿಬಂದು ಪ್ಲಗ್ಗು ಕಿತ್ತ.

"ಪೆಹಲೇ ರೋಕನಾ ಸೀಖೋ," ಎಂದ.

"ನಿಲ್ಲಿಸೋದೂ ಕಲೀತೀನಿ, ಯಾವುದನ್ನ ನಿಲ್ಲಿಸಬಾರದು ಅಂತಲೂ ಕಲೀತೀನಿ," ಎಂದು ನನಗೆ ಕನ್ನಡದಲ್ಲಿ ಹೇಳಿದಳು.

ಇದೆಂಥ ಮಾಯೆಯೇ ಎಂದು ಕೇಳಿದ್ದಕ್ಕೆ ನಕ್ಕಳು. "ಹೊಸ ಸೊಸೆಗೆ ಕೆಲಸ ಹೇಳೋ ಹಾಗೆ ಉಷಕ್ಕ. ಬೆಳಿಗ್ಗೆ ಏಳು. ಇವತ್ತು ಯಾವ ತಿಥಿ ನೋಡು. ಫೈಲಿನಲ್ಲಿ ಆ ತಿಥಿಯವರು ಯಾರಾದ್ರೂ ಇದ್ರೆ ಮೆಸೇಜ್ ಕಳಿಸು, ಇಲ್ದಿದ್ರೆ ಸುಮ್ನಿರು. ಸೊಸೆ ಮರೀಬಹುದು, ಇದು ಮರೆಯಲ್ಲ."

ಅವಳು ಕೊಟ್ಟ ಪೆನ್ ಡ್ರೈವನ್ನು ನಾನೇ ಒಯ್ದು, ಹೇಳಿದಂತೆ ಹಾಕಿದೆ. ಬದರಿ ಬೆಳಿಗ್ಗೆ ಕಂಪ್ಯೂಟರ್ ಹಾಕಿ ಸ್ನಾನಕ್ಕೆ ಹೋದರೆ ಸಾಕು, ಮೆಸೇಜುಗಳು ತಾವಾಗಿಯೇ ಹೋಗುತ್ತಿದ್ದವು. "ನಮ್ಮದು ಈಗ ಎಲ್ಲಾ ಆಟೋಮ್ಯಾಟಿಕ್," ಎಂದು ಬಂದವರೆದುರು ಜಂಭ ಕೊಚ್ಚಿದ. ಕೊಚ್ಚಿಕೋ ಮಹಾರಾಯ, ಎಂದುಕೊಂಡೆ.

ಕಾರ್ತಿಕದಲ್ಲಿ ಒಂದು ದಿನ ವಸುಮತಿ ಫೋನ್ ಮಾಡಿದಳು. "ನಾಳೆ ಬೆಳಿಗ್ಗೆ ಅಮ್ಮನ ಪಕ್ಕದಲ್ಲೇ ಕೂತಿರಿ. ಅವರು ಹೆದರಬಾರದು."

ನೀರಿಗೆ ಬಿದ್ದೀತೆಂದು ಬದರಿ ನದಿಗೆ ಹೋಗುವಾಗ ಮೊಬೈಲನ್ನು ತಾಯಿಯ ಮಂಚದ ಮೇಲಿಟ್ಟು ಹೋಗುವುದು ರೂಢಿ. ತಂಗಿಯ ನಂಬರನ್ನು ಅದರಲ್ಲಿ ಮೊದಲೇ ಬ್ಲಾಕ್ ಮಾಡಿದ್ದ. ಅವತ್ತು ಅದು ಬಿಡದೆ ಬಡಿದುಕೊಳ್ಳತೊಡಗಿತು. ಶ್ರೀರಮಮ್ಮ ಎತ್ತಿದರೆ ಅದೇ ಹಾಸನದ ಯಜಮಾನರು. "ಮಗಳು ಹೋದಳಂತಲ್ಲ ತಾಯಿ, ಈಗಷ್ಟೇ ಮೆಸೇಜು ನೋಡಿದೆ. ಏನಾಗಿತ್ತು?"

ಬದರಿಯ ಬಳಿ ಶ್ರಾದ್ಧ ಮಾಡಿಸಿದವರ ಮನೆಮನೆಗೂ ಮೆಸೇಜು ಹೋಗಿತ್ತು: 'ಪುರೋಹಿತ ಬದರಿ ಭಟ್ಟರು ತಮ್ಮ ತಂಗಿ ವಸುಮತಿಗೆ ಹನುಮಾನ್ ಘಾಟಿನಲ್ಲಿ ಎಳ್ಳುನೀರು ಬಿಟ್ಟಿರುತ್ತಾರೆ. ಇಂದು ಆಕೆಯ ಮಾಸಿಕ.'

ಮುದುಕಿಯ ಕೈ ಹಿಡಿದುಕೊಂಡು, "ಗಟ್ಟಿಮುಟ್ಟಾಗಿದ್ದಾಳೆ ಅಮ್ಮ, ಇಲ್ಲೇ ಬಂಗಾಲಿ ಟೋಲಾದಲ್ಲಿ. ಮಿಕ್ಕಿದ್ದನ್ನ ನಿಮ್ಮ ಮಗನನ್ನೇ ಕೇಳಿ," ಎಂದೆ.

ಬದರಿ ಒದ್ದೆ ಪಂಚೆಯಲ್ಲಿ ಒಳಗೆ ಬಂದ. ತಾಯಿ ದನಿ ಏರಿಸಲಿಲ್ಲ.

"ವಸುಗೆ ಎಳ್ಳುನೀರು ಬಿಟ್ಟೆಯೇನೋ?"

ಅವನು ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

"ಬಿಟ್ಟೆ."

"ಕಲ್ಕತ್ತೆ ಅಂದಿದ್ದು?"

"ಸುಳ್ಳು ಹೇಳಿದೆ."

"ಸರಿ. ಎಳ್ಳುನೀರು ಬಿಟ್ಟಮೇಲೆ ಮಾಸಿಕ ತಪ್ಪಿಸೋ ಹಾಗಿಲ್ಲ. ಸತ್ತವರು ಎದ್ದು ಬರಲ್ಲ ಅಂತ ಅವರ ಜಾಗದಲ್ಲಿ ಬ್ರಾಹ್ಮಣರನ್ನ ಕೂರಿಸಿ ಬಡಿಸ್ತೀವಿ. ಇವಳು ಬರ್ತಾಳಲ್ಲ, ಇವಳನ್ನೇ ಕರಿ. ಅವಳು ಉಣ್ಣೋ ತನಕ ನಾನು ತೊಟ್ಟು ನೀರು ಮುಟ್ಟಲ್ಲ."

ಬದರಿ ಕರೆಯಲು ಹೊರಟ, ನಾನೂ ಹಿಂದೆಯೇ ಹೊರಟೆ. ಆ ನೋಟ ತಪ್ಪಿಸಿಕೊಳ್ಳಲು ನನಗೇನು ಹುಚ್ಚೇ? ಅಂಗಡಿಯ ಮುಂದೆ ನಿಂತು ಬದರಿ ಮತ್ತೆ ನನ್ನ ಕಡೆಗೇ ತಿರುಗಿದ. "ಊಟಕ್ಕೆ ಬರಬೇಕಂತೆ, ಹೇಳಿ."

"ನಾನು ಹೇಳಲ್ಲ. ನೀವೇ ಹೇಳಿ," ಎಂದೆ.

ಗಂಟಲು ಸರಿಮಾಡಿಕೊಂಡ. "ವಸು, ಊಟಕ್ಕೆ ಬಾ."

ವಸುಮತಿ ಕೀಬೋರ್ಡಿನಿಂದ ತಲೆ ಎತ್ತಲಿಲ್ಲ. "ಕೇಳಿಸಲಿಲ್ಲ."

ಅವನು ಕೂಗಿ ಕರೆದ. ಎದುರಿನ ಚಹಾದಂಗಡಿಯವರೆಲ್ಲ ಗ್ಲಾಸು ಹಿಡಿದುಕೊಂಡೇ ತಿರುಗಿ ನೋಡಿದರು. ಆಗ ಎದ್ದು, ಕೈ ತೊಳೆದುಕೊಂಡು ಬಂದಳು. ತಾಯಿಯ ಮಂಚದ ಪಕ್ಕವೇ ಎಲೆ ಹಾಕಿದೆವು. ಬದರಿಯೇ ಬಡಿಸಿದ. ತಾಯಿ ತುತ್ತು ಮಾಡಿ ಮಗಳ ಬಾಯಿಗಿಟ್ಟರು, ಇಬ್ಬರೂ ಅತ್ತರು, ನನ್ನ ಹೊಟ್ಟೆ ತಣ್ಣಗಾಯಿತು.

ಹೊರಡುವಾಗ ಬದರಿ ಬಾಗಿಲಲ್ಲಿ ತಡೆದ. "ವಸು, ಆ ನಿನ್ನ ಹೆಸರಿನ ಮೆಸೇಜು ಒಂದನ್ನ ಕಂಪ್ಯೂಟರಿಂದ ತೆಗೆದುಬಿಡು. ನನ್ನ ಮಾನ ಹೋಗುತ್ತೆ."

"ಮೊದಲ ವರ್ಷ ತಿಂಗಳು ತಿಂಗಳು ಮಾಸಿಕ, ಆಮೇಲೆ ವರ್ಷಾವರ್ಷ ತಿಥಿ. ನೀನೇ ಹೇಳಿಕೊಟ್ಟಿದ್ದಲ್ವೇನೋ ಅಣ್ಣ? ಎಲ್ಲಾ ಬರೆದಿದ್ದೀನಿ. ಹಿಂದಿನ ದಿನ ನೀನೇ ಬಂದು ಕರೆದರೆ ಮೆಸೇಜು ಹೋಗಲ್ಲ, ಅಂಗಡಿಯಿಂದಲೇ ಇಂಟರ್ನೆಟ್ಟಲ್ಲಿ ತಡೀತೀನಿ. ಬರದಿದ್ದರೆ ಹೋಗುತ್ತೆ."

ಅವನೇ ಅಳಿಸಬಹುದಿತ್ತು. ಆದರೆ ಯಾವ ಸಾಲು ಯಾರದೆಂದು ಗೊತ್ತಿಲ್ಲದೆ ಅಳಿಸಹೋದರೆ ಊರಿನವರ ತಿಥಿಗಳೆಲ್ಲ ತಪ್ಪುತ್ತಿದ್ದವು.

ಮುಂದಿನ ತಿಂಗಳು ನಾನು ಕಿಟಕಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಬದರಿ ಚಪ್ಪಲಿ ಮೆಟ್ಟಿಕೊಂಡು ಗಲ್ಲಿಗಿಳಿದ.

"ಎಲ್ಲಿಗೆ ಹೊರಟಿರಿ?" ಎಂದೆ.

"ತಂಗಿಯನ್ನ ನಾಳೆ ಊಟಕ್ಕೆ ಕರೆಯೋಕೆ," ಎಂದ ಮೆಲ್ಲಗೆ.

ಕೇಳಿಸಲಿಲ್ಲ ಎಂದೆ.