ಬೇಡಪ್ಪನ ಮಳೆಗಾಲ

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಬೀದಿಯವರ ಬಾಯಲ್ಲಿ ಉಳಿದದ್ದು ಮಾತ್ರ ಬೇಡಪ್ಪ. ಮೂವತ್ತೆರಡು ವರ್ಷ ಮನೆಮನೆಗೆ ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್ ಅವನು. ಯಾರ ಹೊಸ್ತಿಲು ದಾಟಿದರೂ ಮೊದಲು ಬರುವ ಮಾತು 'ಬೇಡ'. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡ. ಕಂಬದಿಂದ ಬರುವ ವೈರಿನ ಹತ್ತಿರ ಬಟ್ಟೆ ಒಣಹಾಕಬೇಡ. ಒಂದೇ ಪ್ಲಗ್ಗಿಗೆ ಇಸ್ತ್ರಿಪೆಟ್ಟಿಗೆ, ಹೀಟರ್ ಎರಡನ್ನೂ ಸಿಕ್ಕಿಸಬೇಡ. ಗೀಸರ್ ಹಾಕಿ ಮರೆತು, ಆಮೇಲೆ ಬಿಲ್ ನೋಡಿ ಅಳಬೇಡ. ಹೇಳುವುದೆಲ್ಲ ಸರಿಯೇ. ಹೇಳುವ ವರಸೆ ಹೇಗಿತ್ತೆಂದರೆ, ಕೇಳಿದವರಿಗೆ ಬೇಕೆಂತಲೇ ಉಲ್ಟಾ ಮಾಡಬೇಕು ಅನಿಸುತ್ತಿತ್ತು.

ಪ್ರತಿ ಮಳೆಗಾಲಕ್ಕೆ ಮುಂಚೆ ಟೆಸ್ಟರ್ ಜೇಬಿಗಿಟ್ಟುಕೊಂಡು ಬೀದಿಯ ಮನೆಗಳನ್ನೆಲ್ಲ ಪುಕ್ಕಟೆ ನೋಡಿಕೊಂಡು ಬರುತ್ತಿದ್ದ. ಪುಕ್ಕಟೆ ಎಂದಮೇಲೆ ಮರ್ಯಾದೆ ಎಲ್ಲಿಂದ ಬರಬೇಕು? "ಬೇಡಪ್ಪ ಬಂದ್ರು, ಫ್ಯಾನ್ ಆಫ್ ಮಾಡ್ರೋ" ಎಂದು ದರ್ಜಿ ಅಂಗಡಿಯಲ್ಲಿ ನಗುತ್ತಿದ್ದರು. ಹೋದ ವರ್ಷ ಟೇಪು ಸುತ್ತಿ ಇಡಬೇಡಿ, ಬದಲಾಯಿಸಿ ಎಂದು ಬೇಡಪ್ಪ ಗಂಟಲು ಹರಿದುಕೊಂಡಿದ್ದ ಆ ಅಂಗಡಿಯ ವೈರು ಈ ವರ್ಷ ಇನ್ನೂ ದಪ್ಪ ಟೇಪು ಸುತ್ತಿಕೊಂಡು ಅಲ್ಲೇ ನೇತಾಡುತ್ತಿತ್ತು. ಅದನ್ನು ನೋಡಿದಾಗೆಲ್ಲ ಅವನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಈ ಸಲ ಮಳೆ ಬೇಗ ಶುರುವಾಗಿ ಮೂರು ವಾರವಾಗಿತ್ತು. ನಲವತ್ತು ಮನೆ ಮುಗಿದರೂ ಅಕ್ಕನ ಮನೆಯೊಂದು ಬಾಕಿ. ಕಾರಣ, ಭಾವ. ರಿಟೈರಾದ ಲೆಕ್ಕದ ಮೇಷ್ಟ್ರು. ತಾವು ಮಾಡಿದ ಲೆಕ್ಕ ತಪ್ಪಾಯಿತೆಂದು ಇದುವರೆಗೂ ಒಪ್ಪಿದವರಲ್ಲ. ಹೋದ ವರ್ಷ ಬೇಡಪ್ಪ ಅವರ ಮನೆಗೆ, ಕರೆಂಟ್ ಸೋರಿದರೆ ತಾನಾಗಿಯೇ ಬಿದ್ದು ಜೀವ ಉಳಿಸುವ ಟ್ರಿಪ್ ಸ್ವಿಚ್ ಹಾಕಿಕೊಟ್ಟಿದ್ದ. ಬಚ್ಚಲಿನ ವಾಷಿಂಗ್ ಮಷೀನ್ ಹಾಕಿದಾಗಲೆಲ್ಲ ಅದು ಟಪ್ಪೆಂದು ಬೀಳುತ್ತಿತ್ತು. ಮಷೀನ್ ಕೆಟ್ಟಿದೆ ಎಂದು ಇವನು, ಸ್ವಿಚ್ಚೇ ಕೆಟ್ಟಿದೆ ಎಂದು ಅವರು. ಮಾತಿಗೆ ಮಾತು ಬೆಳೆದು, ಬರುವುದು ಹೋಗುವುದು ನಿಂತಿತ್ತು.

ಭಾನುವಾರ ಬೆಳಗ್ಗೆ ಮನಸ್ಸು ತಡೆಯದೆ ಹೋದ. ಭಾವ ಬಾಗಿಲಲ್ಲೇ ಗೆದ್ದವರ ಹಾಗೆ ನಕ್ಕರು.

"ಈ ವರ್ಷ ನಿನ್ನ ಸ್ವಿಚ್ ಒಂದು ಸಲಾನೂ ಬಿದ್ದಿಲ್ಲ ಕಣಯ್ಯ."

"ಮಷೀನ್ ರಿಪೇರಿ ಮಾಡ್ಸಿದ್ರಾ ಭಾವ?"

"ಯಾಕೆ ಮಾಡಿಸ್ಲಿ? ನಾನೇ ಸರಿ ಮಾಡ್ದೆ."

ಬೇಡಪ್ಪ ಬಚ್ಚಲಿಗೆ ನುಗ್ಗಿ, ತಿರುಗುತ್ತಿದ್ದ ಮಷೀನಿನ ತಗಡಿಗೆ ಟೆಸ್ಟರ್ ಇಟ್ಟ. ಟೆಸ್ಟರಿನ ದೀಪ ಹತ್ತಿತು. ಗೋಡೆಯಿಂದ ಪ್ಲಗ್ ಕಿತ್ತು ಬಿಚ್ಚಿ ನೋಡಿದರೆ, ಒಳಗೆ ಅರ್ಥಿಂಗಿನ ಹಸಿರು ವೈರನ್ನು ನೀಟಾಗಿ ಕತ್ತರಿಸಿ, ತುದಿಗೆ ಟೇಪು ಸುತ್ತಲಾಗಿತ್ತು. ಪಿತ್ತ ನೆತ್ತಿಗೇರಿತು.

"ಸೋರಿದ ಕರೆಂಟ್ ನೆಲಕ್ಕೆ ಹೋಗೋ ದಾರಿ ಇದು! ಈ ದಾರೀಲಿ ಹೋದ್ರೆ ಯಾರೂ ಮುಟ್ಟೋಕೆ ಮುಂಚೆನೇ ಸ್ವಿಚ್ಚಿಗೆ ಗೊತ್ತಾಗಿ ಬೀಳುತ್ತೆ. ನೀವು ದಾರೀನೇ ಕತ್ತರಿಸಿದ್ರೆ ಅದು ಎಲ್ಲಿಗೆ ಹೋಗ್ಬೇಕು? ಮಷೀನಿನ ಮೈಮೇಲೆ ಕೂತ್ಕೊಂಡು ಯಾರು ಮುಟ್ತಾರೆ ಅಂತ ಕಾಯ್ತಿರುತ್ತೆ!"

"ಯಾರಿಗೇನಾಗಿದೆ ಈಗ? ಸುಮ್ನೆ ಹೆದರಿಸ್ಬೇಡ."

"ಆಗೋವರೆಗೂ ಕಾಯ್ಬೇಕಾ? ನಿಮಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ!" ಇಕ್ಕಳ ತೆಗೆದು ಪ್ಲಗ್ಗನ್ನೇ ಕತ್ತರಿಸಿ ಜೇಬಿಗೆ ಹಾಕಿಕೊಂಡ. ಭಾವ ಕೂಗಾಡಿದರು. ಇವನೂ ಬಿಡಲಿಲ್ಲ.

ಗಲಾಟೆ ಕೇಳಿ ಅಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. 

"ಅದನ್ನ ಮುಟ್ಟಿದ್ರೆ ಏನಾಗುತ್ತೆ ತಮ್ಮಾ?"

"ಮೊದಮೊದಲು ಜುಮ್ ಅನ್ನುತ್ತೆ. ಆಮೇಲೆ ಒಂದಿನ ಹಿಡಿದ್ರೆ ಬಿಡೋದೇ ಇಲ್ಲ."

ಅಕ್ಕ ಒಳಗೆ ಹೋಗಿ ಒಂದು ಮಾತ್ರೆ ಪಟ್ಟಿ ತಂದಳು. ಅರ್ಧ ಖಾಲಿಯಾಗಿತ್ತು.

"ಬಟ್ಟೆ ತೆಗೆಯೋವಾಗ ಬಲಗೈ ಮೊಣಕೈವರೆಗೂ ಜುಮ್ ಅನ್ನೋದು. ನರದ ವೀಕ್ನೆಸ್ ಇರ್ಬೇಕು ಅಂತ ಡಾಕ್ಟ್ರು ಇದನ್ನ ಕೊಟ್ರು."

ಭಾವ ಹೆಂಡತಿಯ ಕೈಯನ್ನೇ ನೋಡುತ್ತ ಗೋಡೆಗೆ ಒರಗಿದರು.

"ಎಷ್ಟು ದಿನದಿಂದ?" ಬೇಡಪ್ಪ ಕೇಳಿದ.

"ಮಳೆ ಶುರುವಾದಾಗಿನಿಂದ. ಚಪ್ಪಲಿ ಹಾಕ್ಕೊಂಡ ದಿನ ಆಗ್ತಿರ್ಲಿಲ್ಲ. ನನಗೂ ಅನುಮಾನ ಬಂತು, ನಿನ್ನ ಕೇಳೋಣ ಅಂತ ಫೋನೂ ತಗೊಂಡಿದ್ದೆ."

"ಮತ್ತೆ ಯಾಕೆ ಮಾಡ್ಲಿಲ್ಲ ಅಕ್ಕಾ? ಒಂದು ಮಾತು ಕೇಳೋಕೆ ಏನಾಗಿತ್ತು ನಿಂಗೆ?"

"ನೀನು ಬೈತೀಯಲ್ಲ," ಎಂದಳು ಅಕ್ಕ.

ಈಗಲೂ ಬೈಯಲೆಂದೇ ಅವನ ಬಾಯಿ ತೆರೆದಿತ್ತು. ಮುಚ್ಚಿಕೊಂಡ. ಮೂರು ವಾರ ಅಕ್ಕ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಆ ತಗಡನ್ನು ಮುಟ್ಟಿದ್ದಳು, ತಮ್ಮನ ಬಾಯಿಗೆ ಹೆದರಿ.