ಗುಳಿಗೆಯ ಗರ್ಮಿಗೆ ಕೊತ್ತಂಬರಿ ನೀರು

ಯಾರಾದರೂ ಗುಳಿಗೆ ನುಂಗುವುದು ಕಣ್ಣಿಗೆ ಬಿದ್ದರೆ ಶಾಂತಾಬಾಯಿ ಬಡಿಯುತ್ತಿದ್ದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು. ಜೋಳದ ಹಿಟ್ಟು ಮೆತ್ತಿದ ಕೈಯಲ್ಲೇ ಒಂದು ತಂಬಿಗೆ ನೀರು ತಂದು ಮುಂದೆ ಹಿಡಿಯುತ್ತಿದ್ದಳು. ರಾತ್ರಿ ಕೊತ್ತಂಬರಿ ಬೀಜ ನೆನೆಹಾಕಿ, ಬೆಳಿಗ್ಗೆ ಕುದಿಸಿ ಸೋಸಿದ ನೀರು. ಬೇಸಿಗೆಯಲ್ಲಿ ಅದಕ್ಕೆ ಬಾರ್ಲಿ ಗಂಜಿಯ ತಿಳಿಯೂ ಸೇರುತ್ತಿತ್ತು. "ಗುಳಿಗಿ ಗರ್ಮಿ, ಅದರ ಕಾವು, ಕಿಡ್ನಿಗಿ ಹೋಗಿ ಕೂಡ್ತದ್ರಿ. ತೊಳಕೋರಿ," ಎಂದು, ಕುಡಿದು ಮುಗಿಸುವವರೆಗೂ ಎದುರಿಗೇ ನಿಂತಿರುತ್ತಿದ್ದಳು.

ಭಾಲ್ಕಿಯ ನಮ್ಮ ಓಣಿಯಲ್ಲಿ ಆಕೆ ರೊಟ್ಟಿ ಮಾಡಿ ಮಾರುತ್ತಿದ್ದಳು. ನಾನು ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ನಿವೃತ್ತನಾದ ಮೇಲೂ ಗಡಿಯಾರ ನೋಡಿಯೇ ಉಣ್ಣುವವನು. ಆಕೆಯ ರೊಟ್ಟಿ ಒಂದು ದಿನವೂ ತಡವಾಗಲಿಲ್ಲ. "ಸರ್, ನೀವು ಹಸಿವಾದ್ರ ಉಣ್ತೀರೋ, ಗಂಟಿ ಬಾರಿಸಿದ್ರ ಉಣ್ತೀರೋ?" ಎಂದು ಕೆಣಕುತ್ತಿದ್ದಳು.

ದಿನವಿಡೀ ರೊಟ್ಟಿ ಬಡಿದು ಆಕೆಯ ಭುಜ ಸೋತಿತ್ತು. ಡಾಕ್ಟರ ಚೀಟಿ ಕೇಳದೆ ಅಂಗಡಿಯವರು ಕೊಡುವ ನೋವಿನ ಗುಳಿಗೆ ನುಂಗಿಯೇ ಒಲೆ ಮುಂದೆ ಕೂರುತ್ತಿದ್ದಳು. ವರ್ಷಗಟ್ಟಲೆ ಹಾಗೇ ನಡೆಯಿತು. ನೀರು ಕುಡಿಯುತ್ತೇನಲ್ಲ ಎಂಬ ಧೈರ್ಯ. ಆಕೆಯನ್ನು ನೋಡಿ ಓಣಿಯವರಿಗೂ ಅದೇ ಧೈರ್ಯ: ಮೊಣಕಾಲಿಗೊಂದು, ಸೊಂಟಕ್ಕೊಂದು ಗುಳಿಗೆ, ಹಿಂದೆಯೇ ಒಂದು ತಂಬಿಗೆ ನೀರು.

ಒಂದು ಮಳೆಗಾಲದಲ್ಲಿ ಆಕೆಯ ಕಾಲುಗಳು ಬಾತುಕೊಂಡವು. ಬೀದರಿನ ಆಸ್ಪತ್ರೆಗೆ ಕರೆದೊಯ್ದೆ. ಎರಡೂ ಕಿಡ್ನಿ ಕೆಟ್ಟಿವೆ, ಇಷ್ಟು ವರ್ಷ ನುಂಗಿದ ಗುಳಿಗೆಯೇ ಕಾರಣ ಎಂದರು ಡಾಕ್ಟರು. ಶಾಂತಾಬಾಯಿ ಕೊತ್ತಂಬರಿ ನೀರಿನ ಮಾತೆತ್ತಿದಳು. ಅದರಿಂದ ಗುಳಿಗೆಯ ಕೆಡುಕು ತಪ್ಪುವುದಿಲ್ಲವಮ್ಮ ಎಂದರು. ಡಯಾಲಿಸಿಸ್ ಶುರುವಾಯಿತು. ಇನ್ನು ಆಕೆಗೆ ಕುಡಿಯುವ ನೀರೇ ಅಳತೆಯಲ್ಲಿ, ಎಳನೀರಂತೂ ಕೂಡದು.

ಸುದ್ದಿ ಕೇಳಿ ಓಣಿಯ ಹೆಂಗಸರು ತಂಬಿಗೆಯಲ್ಲಿ ಕೊತ್ತಂಬರಿ ನೀರು ತುಂಬಿಕೊಂಡು ಬಂದರು. ಬಾಯಾರಿ ತುಟಿ ಒಡೆದಿದ್ದ ಶಾಂತಾಬಾಯಿ ಒಂದೊಂದು ತಂಬಿಗೆಯನ್ನೂ ಮುಟ್ಟಿ ವಾಪಸು ಕಳಿಸಿದಳು.

ಡಯಾಲಿಸಿಸ್ ಇಲ್ಲದ ದಿನ ನನ್ನನ್ನು ಕರೆದುಕೊಂಡು ಮನೆಮನೆಗೆ ಹೊರಟಳು. ನೀರು ನಂಬಬೇಡಿ, ಗುಳಿಗೆ ಬಿಡಿ ಎಂದು ಹೇಳಬೇಕಿತ್ತು. ಕೇಳಿದವರು ಕಡಿಮೆ. ಓಣಿಯ ಹಿರಿಯಳು ಕಾಶಮ್ಮ ನಕ್ಕುಬಿಟ್ಟಳು. "ನೀ ಈಗ ರೊಟ್ಟಿ ಬಡಿಯಂಗಿಲ್ಲ, ಗುಳಿಗಿ ಬ್ಯಾಡ ಅಂತಿ. ನಾ ಈ ಮೊಣಕಾಲಿಲೆ ಸಂಡಾಸಕ್ಕ ಎದ್ದು ಹೋಗಬೇಕಲ್ಲವಾ ತಂಗಿ?"

ಶಾಂತಾಬಾಯಿ ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು.

"ಔರಾದ್ ಕಡಿ ಎಕಂಬಾ ಊರಿಗಿ ಹೋಗಬೇಕ್ರಿ ಸರ್. ಅಲ್ಲಿ ನನ್ನ ತಂಗಿ ನನ್ನ ಮಾತಿನ ಮ್ಯಾಲೇ ದಿನಾ ನುಂಗ್ತಾಳ. ಫೋನಿನ್ಯಾಗ ಹೇಳಿದ್ರ ನಗ್ತಾಳ."

ಭಾನುವಾರ ಔರಾದ್ ಬಸ್ಸಿಗೆ ಹೋಗುವುದೆಂದು ಗೊತ್ತುಮಾಡಿದೆವು. ಶನಿವಾರ ಬೆಳಿಗ್ಗೆ ಶಾಂತಾಬಾಯಿ ತೀರಿಕೊಂಡಳು.

ಮಣ್ಣಿಗೆ ಬಂದ ತಂಗಿಯ ಅಳು ನೋಡಿ ಅಂದು ನಾನು ಗುಳಿಗೆಯ ಮಾತೆತ್ತಲಿಲ್ಲ. ವಾರ ಬಿಟ್ಟು ನಾನೊಬ್ಬನೇ ಎಕಂಬಾಕ್ಕೆ ಹೋದೆ. ಅಕ್ಕ ಹೇಳಬೇಕೆಂದಿದ್ದುದನ್ನೆಲ್ಲ ಒಂದೂ ಬಿಡದೆ ಹೇಳಿದೆ. ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಜಡ್ಡಿನ ಬ್ಯಾನ್ಯಾಗ ಏನರ ಅಂದಿರಬೇಕ್ರಿ. ನಮ್ಮಕ್ಕ ಮದಲ ಹೇಳಿದ್ದೇ ಖರೇ, ಅಕಿ ಒಬ್ಬರಿಗೂ ತಪ್ಪು ಹೇಳಾಕಿ ಅಲ್ರಿ."

ಮನೆಯಲ್ಲಿರುವ ಗುಳಿಗೆಗಳನ್ನು ನನ್ನ ಕೈಗೆ ಕೊಡು ಎಂದು ಕೇಳಿದೆ. ಕೊಡಲಿಲ್ಲ.