ಹರಾಜಿನ ಹೊತ್ತಿನ ಮಕ್ಕಳು

ಮೊನ್ನೆ ಪಲ್ಲಾವರಂ ಸಂತೆಗೆ ಹೋಗಿದ್ದೆ. ಮಿಕ್ಸಿಯ ಮುಚ್ಚಳ ತರಲು ಅಂತ ಮನೆಯಲ್ಲಿ ಹೇಳಿ ಹೊರಟಿದ್ದು. ನಿಜ ಹೇಳಬೇಕೆಂದರೆ ಆ ಸಂತೆಯಲ್ಲಿ ಗೊತ್ತುಗುರಿಯಿಲ್ಲದೆ ಸುತ್ತುವುದು ನಿವೃತ್ತಿಯಾದ ಮೇಲೆ ನನಗೆ ಹತ್ತಿಕೊಂಡ ಚಟ. ಹಳೆಯ ಫ್ಯಾನು, ಬಾತುಕೋಳಿ, ಗುಲಾಬಿ ಸಸಿ ಎಲ್ಲವನ್ನೂ ದಾಟಿಕೊಂಡು ಬರುವಾಗ ಒಂದು ಕಡೆ ಕಾಲು ತಾನಾಗಿ ನಿಂತಿತು. ಮುದುಕಿಯೊಬ್ಬಳು ಗೋಣಿಚೀಲದ ಮೇಲೆ ಬಜೆಯ ಬಳೆಗಳನ್ನು ಹರಡಿಕೊಂಡು ಕೂತಿದ್ದಳು. ಬಜೆಯ ಬೇರನ್ನು ತುಂಡು ಮಾಡಿ ಕಪ್ಪು ದಾರದಲ್ಲಿ ಪೋಣಿಸಿ ಹಸುಗೂಸಿನ ಕೈಗೆ ಕಟ್ಟುತ್ತಾರಲ್ಲ, ಅದು. ಆ ಘಾಟು ಮೂಗಿಗೆ ಬಿದ್ದದ್ದೇ, ನಾನು ಮುಚ್ಚಳ ಮರೆತೆ. ಬಿಸಿಲು, ಗದ್ದಲ ಎಲ್ಲ ಹಿಂದೆ ಸರಿದು, ರತ್ನಕ್ಕನ ಮನೆಯ ನಡುಕೋಣೆ ಕಣ್ಣಮುಂದೆ ಬಂತು.

ಆಗ ನಾವು ಕಾಸಿಮೇಡಿನಲ್ಲಿ, ಮೀನು ಬಂದರಿನ ಹತ್ತಿರದ ಒಂದು ಬೀದಿಯಲ್ಲಿ ಮಹಡಿಯ ಮನೆಯಲ್ಲಿದ್ದೆವು. ನನ್ನವರಿಗೆ ರೈಲ್ವೆ, ನನಗೆ ವಿಮಾ ಕಚೇರಿ. ಕೆಳಗಿನ ಮನೆಯಲ್ಲಿ ರತ್ನಕ್ಕ. ಕುಂದಾಪುರದ ಕಡೆಯವರು. ಗಂಡ ಈ ತಮಿಳು ಊರಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಯವರಾಗಿದ್ದು ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ನಾವು ಆ ಮನೆಗೆ ಹೋದ ಹೊಸತರಲ್ಲಿ, ಬೆಳಕು ಹರಿಯುವ ಮುಂಚೆಯೇ ಕೆಳಗಿನಿಂದ ಮಕ್ಕಳ ಅಳು ಕೇಳಿಸುತ್ತಿತ್ತು. ಒಂದಲ್ಲ, ನಾಲ್ಕಾರು ಸ್ವರಗಳು ಒಟ್ಟಿಗೆ. ಮಕ್ಕಳಿಲ್ಲದ ಮನೆಯಲ್ಲಿ ಇದೇನು! ನಿದ್ದೆ ಎಂದರೆ ಪ್ರಾಣ ಬಿಡುವವಳು ನಾನು. ಒಂದು ದಿನ ಜಗಳಕ್ಕೆಂದೇ ಸೆರಗು ಬಿಗಿದು ಇಳಿದು ಹೋದೆ.

ಬಾಗಿಲು ತೆರೆದಿತ್ತು. ಚಾಪೆಯ ಮೇಲೆ ಸಾಲಾಗಿ ಕೂಸುಗಳು, ಕೈಗಳಲ್ಲಿ ಬಜೆಯ ಬಳೆ. ಒಂದು ಮಲಗಿತ್ತು, ಒಂದು ತೆವಳುತ್ತಿತ್ತು, ಒಂದು ರತ್ನಕ್ಕನ ಬೆನ್ನಿಗೆ ಜೋತುಬಿದ್ದಿತ್ತು.

“ಅಕ್ಕಾ, ಯಾರ ಮಕ್ಕಳು ಇವೆಲ್ಲ?” ಎಂದೆ, ಆದಷ್ಟು ಗಡುಸಾಗಿ.

“ಯಾರದ್ದ್ ಅಂದ್ರೆ ಎಂತ ಹೇಳುದ್ ಹೆಣೆ? ಅಬ್ಬೆದೀರ್ ಮೀನಿನ ಏಲಂಗೆ ಹೋಯಿರ್. ಅವ್ರ್ ಬಪ್ಪಲ್ಲಿವರೆಗೆ ನಂದೇ. ಬಂದದ್ದ್ ಒಳ್ಳೇದಾಯ್ತ್, ಒಲೆ ಮೇಲೆ ಹಾಲಿತ್ತ್, ಉಕ್ಕದಾಂಗೆ ಕಾಣಿ ಕಾಂಬ.”

ಜಗಳಕ್ಕೆ ಹೋದವಳು ಹಾಲು ಕಾಯುತ್ತ ನಿಂತೆ. ಹಾಲು ಉಕ್ಕಿಯೂ ಹೋಯಿತು.

ಕಾಸಿಮೇಡಿನ ಹರಾಜು ನಡೆಯುವುದು ನಸುಕಿನಲ್ಲಿ. ದೋಣಿಗಳಿಂದ ಮೀನು ಇಳಿಯುತ್ತಿದ್ದಂತೆ ಹೆಂಗಸರು ಬುಟ್ಟಿ ಹಿಡಿದು ಮುಗಿಬೀಳುತ್ತಾರೆ. ಆ ನೂಕುನುಗ್ಗಲಿನಲ್ಲಿ, ಆ ಕೊಚ್ಚೆಯಲ್ಲಿ, ಕಂಕುಳಲ್ಲಿ ಮಗುವಿಟ್ಟುಕೊಂಡು ಬೆಲೆ ಕೂಗುವುದು ಆಗದ ಮಾತು. ಮೊದಲು ಸೆಲ್ವಿ ಎಂಬವಳು ತನ್ನ ಕೂಸನ್ನು ರತ್ನಕ್ಕನಲ್ಲಿ ಬಿಟ್ಟು ಹೋದಳಂತೆ. ಆಮೇಲೆ ಅವಳ ಅಕ್ಕಪಕ್ಕದವರು. ಹೀಗೆ ಬೆಳೆದದ್ದು. ಅದಕ್ಕೊಂದು ಹೆಸರಿರಲಿಲ್ಲ. ಆದರೆ ಒಂದು ಕಟ್ಟು ಇತ್ತು: ತಾಯಂದಿರಲ್ಲಿ ಒಬ್ಬಳು ಸರದಿಯ ಮೇಲೆ ಆ ದಿನದ ಹರಾಜು ಬಿಟ್ಟು ರತ್ನಕ್ಕನ ಜೊತೆ ಉಳಿಯಬೇಕು. ಉಳಿದವರು ತಂತಮ್ಮ ಬುಟ್ಟಿಯಿಂದ ಒಂದಿಷ್ಟು ಮೀನು ತೆಗೆದು ಅವಳ ಬುಟ್ಟಿ ತುಂಬಿಸಬೇಕು. ಯಾರ ಮನೆಯಲ್ಲಾದರೂ ಹಳೆಯ ಸೀರೆ ಇದ್ದರೆ ತೊಟ್ಟಿಲಿಗೆ ಬರುತ್ತಿತ್ತು; ತೆಂಗಿನಕಾಯಿ, ಬೆಲ್ಲ ಬರುತ್ತಿತ್ತು.

ಮೀನು ಮುಟ್ಟದ ರತ್ನಕ್ಕನ ಮನೆಯ ತುಂಬ ಮೀನಿನ ವಾಸನೆ. ಊರಿನಿಂದ ಬಂದ ನೆಂಟರು ಮೂಗು ಮುರಿದರೆ, “ನಾನ್ ಮೀನ್ ತಿಂಬುದಿಲ್ಲೆ, ವಾಸ್ನೆ ತಿಂತೆ ಅಷ್ಟೇ,” ಎನ್ನುತ್ತಿದ್ದರು. ಜೋಗುಳ ಅವರಿಗೆ ಒಂದೂ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಮದುವೆಯ ಹಸೆಹಾಡು. ಅದನ್ನೇ ನಿಧಾನ ಮಾಡಿ ಹಾಡಿದರೆ ಕೂಸುಗಳು ಮಲಗಿಬಿಡುತ್ತಿದ್ದವು. ಅವರ ಕೈಯಲ್ಲಿ ಬೆಳೆದ ಎಷ್ಟೋ ಮಕ್ಕಳ ಮೊದಲ ಮಾತು ತಮಿಳಿನ ಜೊತೆ ಕುಂದಾಪುರವನ್ನೂ ಬೆರೆಸಿಕೊಂಡಿರುತ್ತಿತ್ತು. ಸೆಲ್ವಿಯ ಮಗಳು ಬೀದಿಯಲ್ಲಿ ಹೋಗುವವರನ್ನೆಲ್ಲ “ಹ್ವಾಯ್” ಎಂದು ಕರೆಯುತ್ತಿತ್ತು. ನನ್ನ ಸ್ವಂತ ಮಗ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಕಾಲ ಅದು. ಆ ಮಗುವಿನ “ಹ್ವಾಯ್” ಕೇಳಿ ನನಗೆ ಹೊಟ್ಟೆಕಿಚ್ಚಾದದ್ದುಂಟು.

ವಿಶ್ವವಿದ್ಯಾಲಯ ಇದರೊಳಗೆ ಬಂದದ್ದು ಹೀಗೆ. ಬಂದರಿನ ಬದುಕನ್ನು ನೋಡಲು ಸಮಾಜಕಾರ್ಯ ವಿಭಾಗದ ವಿದ್ಯಾರ್ಥಿಗಳು ಬಂದಿದ್ದರು. ಅವರು ಹೋಗಿ ಹೇಳಿ, ಮರುವಾರ ಅವರ ಪ್ರೊಫೆಸರ್ ವಸಂತಿಯಮ್ಮ ಬಂದರು. ಖಾದಿ ಸೀರೆಯ, ಮೆಲುದನಿಯ ಹೆಂಗಸು. ಚಾಪೆಯ ಮೇಲೆ ಕೂತು ಕಾಫಿ ಕುಡಿದರು. ಬಡಾವಣೆಯ ಚಿಕ್ಕ ಸಂಘಗಳಿಗೆ ತಮ್ಮ ವಿಶ್ವವಿದ್ಯಾಲಯ ಅನುದಾನ ಕೊಡುತ್ತದೆ, ಇಂಥ ಕೆಲಸಕ್ಕೆ ಕೊಡದೆ ಇನ್ನು ಯಾವುದಕ್ಕೆ ಎಂದರು. ಒಂದು ಸಂಘ ಅಂತ ಆಗಬೇಕು, ಅಷ್ಟೇ.

ರತ್ನಕ್ಕನ ಮುಖ ನೋಡಬೇಕಿತ್ತು ನೀವು. “ಹಂಗಾರೆ ನಮ್ಗೂ ಒಂದ್ ಬೋರ್ಡ್ ಬತ್ತಾ?”

ಬೋರ್ಡು ಬಂತು. ರತ್ನಕ್ಕ ಅಧ್ಯಕ್ಷೆ, ಇಂಗ್ಲಿಷ್ ಬರೆಯಬಲ್ಲೆ ಎಂಬ ಒಂದೇ ಅರ್ಹತೆಯ ಮೇಲೆ ನಾನು ಕಾರ್ಯದರ್ಶಿ. ಕಚೇರಿಯಲ್ಲಿ ನನ್ನನ್ನು ಕೇಳುವವರಿರಲಿಲ್ಲ. ಇಲ್ಲಿ ನನ್ನ ಹೆಸರಿನ ಮುಂದೆ ಒಂದು ಪದವಿ! ಮಾತಿನಲ್ಲಿ ಎರಡು ಸಲವಾದರೂ “ನಮ್ಮ ಸಂಘ” ಬಾರದೆ ನಾನು ಯಾರ ಮನೆಯಿಂದಲೂ ಎದ್ದವಳಲ್ಲ. ಸಭೆಗಳು ನಡೆದದ್ದು ಮಧ್ಯಾಹ್ನದ ಮುಂಚೆ, ವಿಶ್ವವಿದ್ಯಾಲಯದವರಿಗೆ ಅನುಕೂಲವಾದ ಹೊತ್ತಿಗೆ. ಆ ಹೊತ್ತಿನಲ್ಲಿ ತಾಯಂದಿರು ಬುಟ್ಟಿ ಹೊತ್ತು ಬೀದಿಬೀದಿ ಮೀನು ಮಾರುತ್ತಿರುತ್ತಾರೆ. ಹಾಗಾಗಿ ಅವರು ಬರಲಿಲ್ಲ. ಬರಲಿಲ್ಲ ಅಂತ ಯಾರಿಗೂ ಅನ್ನಿಸಲೂ ಇಲ್ಲ, ಅವರಿಗೂ ಸೇರಿ.

ವಿಶ್ವವಿದ್ಯಾಲಯ ಕೊಟ್ಟ ಮಾತಿಗೆ ತಪ್ಪಲಿಲ್ಲ, ಅದನ್ನು ನಾನು ಒತ್ತಿ ಹೇಳಬೇಕು. ಪಕ್ಕದ ಬೀದಿಯಲ್ಲಿ ಗಾಳಿ ಬೆಳಕಿರುವ ಕೋಣೆ ಹಿಡಿದರು. ತೊಟ್ಟಿಲು, ಸೊಳ್ಳೆಪರದೆ, ಶುದ್ಧ ನೀರು ಬಂತು. ತಿಂಗಳಿಗೊಮ್ಮೆ ಡಾಕ್ಟರು ಬಂದರು. ಹರಾಜಿನ ಹೊತ್ತಿಗೇ ಬಾಗಿಲು ತೆರೆಯಬೇಕೆಂದು ವಸಂತಿಯಮ್ಮ ಹಟ ಹಿಡಿದು ಒಪ್ಪಿಸಿದರು. ಸಂಬಳದ ಮೇಲೆ ಇಬ್ಬರು ಸಹಾಯಕಿಯರು ಬಂದರು. ಸರದಿ ನಿಂತಿತು. ಇನ್ನು ಯಾವ ತಾಯಿಯೂ ಒಂದು ದಿನದ ವ್ಯಾಪಾರ ಕಳೆದುಕೊಳ್ಳಬೇಕಾಗಿಲ್ಲ ಎಂದು ನಾವೆಲ್ಲ ಸಂತೋಷಪಟ್ಟೆವು. ಸರದಿ ನಿಂತ ಮೇಲೆ ಪಾಲಿನ ಮೀನೂ ನಿಂತಿತು. ಹಳೆಯ ಸೀರೆ, ಬೆಲ್ಲ, ತೆಂಗಿನಕಾಯಿ ಬೇಕಾಗಲಿಲ್ಲ. ಬಾಗಿಲಲ್ಲಿ ಮಗುವನ್ನು ಕೊಟ್ಟು, ಬಾಗಿಲಲ್ಲೇ ಇಸಿದುಕೊಂಡು ಹೋಗುವುದು ರೂಢಿಯಾಯಿತು. ರತ್ನಕ್ಕ ಕುರ್ಚಿಯ ಮೇಲೆ ಕೂತಿರುತ್ತಿದ್ದರು, ಇಸ್ತ್ರಿ ಮಾಡಿದ ಸೀರೆಯಲ್ಲಿ. ಎಲ್ಲರೂ “ಮೇಡಂ” ಎನ್ನುತ್ತಿದ್ದರು. ಅದು ಅವರಿಗೆ ಬಹಳ ಇಷ್ಟವಾಗಿತ್ತು. ಬೆನ್ನಿಗೆ ಜೋತುಬೀಳುವ ಮಕ್ಕಳು ಮಾತ್ರ ಕಡಿಮೆಯಾಗಿದ್ದವು, ಕುರ್ಚಿಯ ಬೆನ್ನು ಅಡ್ಡ ಬರುತ್ತಿತ್ತಲ್ಲ.

ಅನುದಾನಕ್ಕೆ ಒಂದು ಅವಧಿ ಇತ್ತು. ಅದು ನಮಗೆ ಮೊದಲೇ ಗೊತ್ತಿತ್ತು. ಅವಧಿ ಮುಗಿದಾಗ ಮುಂದಿನ ಅನುದಾನ ಪೋರೂರಿನಲ್ಲಿ ಕೆರೆ ಕಾಯುವ ಒಂದು ಸಂಘಕ್ಕೆ ಹೋಯಿತು. ಅದೂ ಒಳ್ಳೆಯ ಕೆಲಸವೇ. ವಸಂತಿಯಮ್ಮ ಮೇಲಿನವರ ಹತ್ತಿರ ಓಡಾಡಿದರು, ಆಗಲಿಲ್ಲ. ಕೊನೆಗೆ ಅವರೇ ಹೇಳಿದರು, “ಮುಂಚೆ ತಾಯಂದಿರು ಸರದಿಯಲ್ಲಿ ನಡೆಸುತ್ತಿದ್ದರಲ್ಲ, ಮತ್ತೆ ಹಾಗೆ ಶುರುಮಾಡಲು ಕೇಳೋಣ.”

ಕೇಳಲು ಬಂದರಿಗೇ ಹೋದೆವು, ಮೂವರೂ. ಹರಾಜು ಮುಗಿದು ಹೆಂಗಸರು ಬುಟ್ಟಿ ಜೋಡಿಸುತ್ತಿದ್ದರು. ಅರ್ಧಕ್ಕರ್ಧ ಹೊಸಮುಖಗಳು, ಸರದಿಯ ಕಾಲವನ್ನೇ ಕಾಣದವರು. ವಸಂತಿಯಮ್ಮ ವಿಷಯ ಹೇಳಿದರು. ಬುಟ್ಟಿ ಜೋಡಿಸುವುದು ನಡೆದೇ ಇತ್ತು. ಆಮೇಲೆ ಸೆಲ್ವಿ, ತಪ್ಪು ತಿಳಿಯಬೇಡಿ ಎನ್ನುವ ದನಿಯಲ್ಲಿ, ತಮಿಳಿನಲ್ಲಿ ಅಂದಳು: “ಅದು ಯೂನಿವರ್ಸಿಟಿಯವರದ್ದಲ್ಲವಾ ಅಮ್ಮಾ? ನೀವು ತೆಗೆದಿರಿ, ನೀವು ಮುಚ್ಚುತ್ತಿದ್ದೀರಿ. ಅದರಲ್ಲಿ ನಾವು ಹೇಳುವುದೇನಿದೆ?”

ಸಿಟ್ಟಿನ ಮಾತಲ್ಲ ಅದು. ಸಿಟ್ಟಾಗಿದ್ದರೆ ಜಗಳವಾಡಿ ಸರಿಮಾಡಿಕೊಳ್ಳಬಹುದಿತ್ತು. ರತ್ನಕ್ಕ ಅವಳ ಮುಖವನ್ನೇ ನೋಡುತ್ತ ನಿಂತರು. ಆ ಸೆಲ್ವಿ ಅವರ ಅಡುಗೆಮನೆಯಲ್ಲಿ ಕೇಳದೇ ಡಬ್ಬಿ ತೆಗೆದು ಬೆಲ್ಲ ಹಾಕಿಕೊಳ್ಳುತ್ತಿದ್ದವಳು.

ಕೋಣೆ ಬಿಟ್ಟುಕೊಟ್ಟ ಮರುದಿನ ನಸುಕಿನಲ್ಲಿ ನನಗೆ ತಾನಾಗಿ ಎಚ್ಚರವಾಯಿತು. ಇಳಿದು ಹೋದೆ. ರತ್ನಕ್ಕ ನಡುಕೋಣೆಯಲ್ಲಿ ಮತ್ತೆ ಚಾಪೆ ಹಾಸಿ, ಹಾಲು ಕಾಯಿಸಿಟ್ಟು, ಬಾಗಿಲು ತೆರೆದು ಕೂತಿದ್ದರು. “ಬಾಗ್ಲ್ ಹಾಕಿದ್ದ್ ಕಂಡ್ ಯಾರಾರೂ ತಿರ್ಗಿ ಹೋಪುದ್ ಬ್ಯಾಡ,” ಎಂದರು. ಕೆಲವು ದಿನ ಸೆಲ್ವಿಯ ಪಕ್ಕದ ಮನೆಯವಳೊಬ್ಬಳು ಮಗುವನ್ನು ತಂದಳು. ಆಮೇಲೆ ಅವಳೂ ಅತ್ತೆಯನ್ನು ಊರಿಂದ ಕರೆಸಿಕೊಂಡಳು. ಒಬ್ಬೊಬ್ಬರೂ ಒಂದೊಂದು ದಾರಿ ಮಾಡಿಕೊಂಡಿದ್ದರು. ದಾರಿಯಿಲ್ಲದವರು ಮಕ್ಕಳನ್ನು ಬಂದರಿಗೇ ಒಯ್ದರು.

ಒಂದು ಬೆಳಿಗ್ಗೆ ಸೆಲ್ವಿಯ ತಂಗಿಯ ಮಗು ಐಸ್ ಪೆಟ್ಟಿಗೆಗಳ ಹತ್ತಿರ ಜಾರಿ ಬಿದ್ದು ಕೈ ಮುರಿದುಕೊಂಡಿತು. ಸುದ್ದಿ ತಂದವಳು ನಾನೇ. ರತ್ನಕ್ಕ ಒಲೆಯ ಮೇಲಿನ ಹಾಲನ್ನು ಇಳಿಸಿಟ್ಟರು. “ನನ್ನ್ ಬಾಗ್ಲ್ ತೆರ್ದೇ ಇತ್ತಲೆ ಹೆಣೆ,” ಎಂದರು. ಅಷ್ಟೇ. ಮಳೆಗಾಲಕ್ಕೆ ಮುಂಚೆ ಮನೆ ಖಾಲಿ ಮಾಡಿ ಊರಿಗೆ, ತಂಗಿಯ ಮನೆಗೆ ಹೋದರು. ಹೊರಡುವಾಗ ಯಾರಿಗೂ ಹೇಳುವುದು ಬೇಡವೆಂದರು. ಹೋದ ವರ್ಷ ಅಲ್ಲಿಯೇ ತೀರಿಕೊಂಡರೆಂದು ತಂಗಿಯ ಫೋನು ಬಂತು.

ಇದು ಯಾರ ತಪ್ಪು ಎಂದು ನಾನು ಬಹಳ ಕಾಲ ಯೋಚಿಸಿದ್ದೇನೆ. ವಸಂತಿಯಮ್ಮನಂಥವರು ಇನ್ನೂ ಹತ್ತು ಜನ ಇರಲಿ ಎನ್ನಿಸುತ್ತದೆ. ಆ ಕೋಣೆ, ಆ ಡಾಕ್ಟರು, ಅದೆಲ್ಲ ಮಕ್ಕಳಿಗೆ ಸಲ್ಲಬೇಕಾದದ್ದೇ. ಆದರೂ ಎಲ್ಲರೂ ಒಳ್ಳೆಯದನ್ನೇ ಮಾಡುತ್ತಿದ್ದಾಗ ನಮ್ಮ ಕೈಯಿಂದ ಏನೋ ಒಂದು ಜಾರಿಹೋಯಿತು, ಅದು ಬಿದ್ದ ಸದ್ದೂ ಕೇಳಿಸಲಿಲ್ಲ.

ಸಂತೆಯಿಂದ ಬಂದ ಮೇಲೆ ಮನಸ್ಸು ತಡೆಯಲಿಲ್ಲ. ಮರುದಿನ ಮುಂಜಾನೆ ಕಾಸಿಮೇಡಿಗೆ ಹೋದೆ. ಸೆಲ್ವಿ ಸಿಕ್ಕಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಕಂಕುಳಲ್ಲಿ ಮಗಳ ಮಗು, ಇನ್ನೊಂದು ಕೈಯಲ್ಲಿ ಬುಟ್ಟಿ. ಮಗಳು ದೋಣಿಯ ಹತ್ತಿರ ಬುಟ್ಟಿ ಹಿಡಿದು ನಿಂತಿದ್ದಳು. ನನ್ನನ್ನು ಗುರುತು ಹಿಡಿದು ಮೊದಲು ಕೇಳಿದ್ದೇ, “ರತ್ನಕ್ಕ ಚೆನ್ನಾಗಿದ್ದಾರಾ?”

ಹೇಳಿದೆ. ಅವಳು ಬುಟ್ಟಿಯನ್ನು ಕೆಳಗಿಟ್ಟಳು.

“ಒಂದು ಮಾತು ತಿಳಿಸಬಾರದಿತ್ತಾ ಅಕ್ಕಾ? ವ್ಯಾನ್ ಮಾಡಿಕೊಂಡಾದರೂ ಹೋಗುತ್ತಿದ್ದೆವು. ಇಲ್ಲಿರುವ ಅರ್ಧ ಜನ ಅವರ ಚಾಪೆಯ ಮೇಲೆ ಬೆಳೆದವರು.”

ಇವರು ಹೋಗುತ್ತಾರೆ ಎಂಬುದೇ ನನಗೆ ಹೊಳೆದಿರಲಿಲ್ಲ. ಸೆಲ್ವಿ ಪಕ್ಕದವಳಿಗೆ ಹೇಳಿದಳು, ಅವಳು ಅದರಾಚೆಯವಳಿಗೆ. ಒಬ್ಬೊಬ್ಬರ ಕೂಗು ನಿಲ್ಲುತ್ತ ಹೋಗಿ, ನಮ್ಮ ಸುತ್ತ ಅಷ್ಟಗಲ ಹರಾಜು ಸ್ತಬ್ಧವಾಯಿತು. ಕೆಲವರು ಅತ್ತರು. ನಾನು ಹೆಸರನ್ನೇ ಕೇಳಿರದ ಒಬ್ಬ ಹುಡುಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಷ್ಟರಲ್ಲಿ ಹೊಸ ದೋಣಿ ಬಂತು. ಹೆಂಗಸರು ಕಣ್ಣೊರೆಸಿಕೊಂಡು ಎದ್ದರು. ಸೆಲ್ವಿ ಒಂದು ಕ್ಷಣ ನನ್ನನ್ನು ನೋಡಿ, “ಕೊಂಜಂ ಪುಡಿಂಗಕ್ಕಾ,” ಒಂಚೂರು ಹಿಡಿದುಕೊಳ್ಳಿ ಎಂದು ಮಗುವನ್ನು ನನ್ನ ಕೈಗಿತ್ತು ಜನರ ನಡುವೆ ನುಗ್ಗಿದಳು. ನಾನು ಬೋರಲು ಹಾಕಿದ್ದ ಒಂದು ಪೆಟ್ಟಿಗೆಯ ಮೇಲೆ ಕೂತೆ. ಬಿಸಿಲೇರುತ್ತಿತ್ತು. ಮಗುವಿನ ಮುಖದ ಮೇಲೆ ಸೆರಗಿನ ನೆರಳು ಹಿಡಿದೆ. ನನ್ನ ಬಸ್ಸು ರಸ್ತೆಯಲ್ಲಿ ಬಂದು ನಿಂತದ್ದು ಕಾಣಿಸಿತು, ಹೊರಟದ್ದೂ ಕಾಣಿಸಿತು. ನಾನು ಏಳಲಿಲ್ಲ.